ಎದೆಗೂಡಿಗೆ ಏರಿದ ಜಠರ

ವಯಸ್ಸಾದವರಿಗೆ ರಕ್ತ ಕಡಿಮೆ ಎಂದಾಗ ಕಬ್ಬಿಣದ ಮಾತ್ರೆ ಕೊಡುತ್ತೇವೆ. ನಾಲ್ಕು ತುತ್ತು ಉಂಡೊಡನೆ ಏದುಸಿರು ಬಂದರೆ ಹೃದಯದ ಡಾಕ್ಟರ ಬಳಿ ಕರೆದೊಯ್ಯುತ್ತೇವೆ. ಎರಡೂ ಸರಿಯೇ. ಆದರೆ ಹಿಮೋಗ್ಲೋಬಿನ್ ಮತ್ತೆ ಮತ್ತೆ ಇಳಿಯುತ್ತಿದ್ದರೆ, ಹೃದಯದಲ್ಲಿ ದೋಷ ಕಾಣದಿದ್ದರೆ, ಜಠರ ತನ್ನ ಜಾಗದಲ್ಲಿದೆಯೇ ಎಂದೂ ನೋಡಬೇಕು.

ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯೇ ವಪೆ. ಅನ್ನನಾಳ ಕೆಳಗಿಳಿಯಲು ಅದರಲ್ಲೊಂದು ಕಿಂಡಿಯಿದೆ. ವಯಸ್ಸಾದಂತೆ ಅದು ಸಡಿಲವಾಗಿ ಜಠರ ಮೇಲೇರುವುದೇ ಹಯಾಟಸ್ ಹರ್ನಿಯಾ. ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಜಠರದ ಮೇಲ್ತುದಿಯಷ್ಟೇ ಜಾರಿರುತ್ತದೆ. ಎದೆಯುರಿ ಇದ್ದರೆ ಸಾಮಾನ್ಯವಾಗಿ ಮಾತ್ರೆಗೆ ಬಗ್ಗುತ್ತದೆ. ಉಳಿದವರಲ್ಲಿ ಜಠರ ಅನ್ನನಾಳದ ಪಕ್ಕದಿಂದ ನುಗ್ಗುತ್ತದೆ. ಕೆಲವರಲ್ಲಿ ಬಹುಪಾಲು ಜಠರವೇ ಎದೆಗೂಡಿನಲ್ಲಿರುತ್ತದೆ, ಕರುಳೂ ಜೊತೆಗೂಡುವುದುಂಟು.

ಉಸಿರಾಡುವಾಗಲೆಲ್ಲ ಕಿಂಡಿಯ ಮಟ್ಟದಲ್ಲಿ ಜಠರದ ಒಳಪದರ ಉಜ್ಜಿ ಕೆಲವರಲ್ಲಿ ಉದ್ದುದ್ದ ಗೀರುಗಾಯಗಳಾಗುತ್ತವೆ. ಇವಕ್ಕೆ ಕ್ಯಾಮರಾನ್ ಹುಣ್ಣು ಎನ್ನುತ್ತಾರೆ. ರಕ್ತ ಕಣ್ಣಿಗೆ ಬೀಳದಷ್ಟು ಸಣ್ಣಗೆ ಒಸರುತ್ತದೆ. ಎಂಡೋಸ್ಕೋಪಿ ಮಾಡುವವರು ಅದೇ ಮಟ್ಟದಲ್ಲಿ ಹುಡುಕದಿದ್ದರೆ ತಪ್ಪಿಹೋಗಬಹುದು. ಎಷ್ಟೋ ಸಲ ಸುಳಿವು ಕೊಡುವುದು ಸಾಮಾನ್ಯ ಎದೆಯ ಎಕ್ಸ್‌ರೇ: ಹೃದಯದ ನೆರಳಿನ ಹಿಂದೆ ಗಾಳಿಯ ಗುಳ್ಳೆ, ಅದರಡಿ ದ್ರವದ ನೇರ ಗೆರೆ. ಬೇರಿಯಂ ಕುಡಿಸಿ ತೆಗೆದ ಚಿತ್ರ, ಸಿ.ಟಿ. ಸ್ಕ್ಯಾನ್ ಉಳಿದದ್ದನ್ನು ತಿಳಿಸುತ್ತವೆ.

ಅಪಾಯ ಜಠರ ತಿರುಚಿಕೊಂಡಾಗ. ಮೇಲ್ಹೊಟ್ಟೆಯಲ್ಲಿ ತೀವ್ರ ನೋವು, ಓಕರಿಸಿದರೂ ಏನೂ ಬಾರದಿರುವುದು, ಮೂಗಿನಿಂದ ಇಳಿಸಿದ ನಳಿಕೆ ಜಠರಕ್ಕೆ ಹೋಗದಿರುವುದು: ಜರ್ಮನಿಯ ಶಸ್ತ್ರವೈದ್ಯ ಬೋರ್ಖಾರ್ಟ್ 1904ರಲ್ಲೇ ಗುರುತಿಸಿದ ಮೂರು ಲಕ್ಷಣಗಳಿವು. ಮೊದಲೆರಡು ಮನೆಯವರಿಗೂ ಕಾಣುತ್ತವೆ. ಆಗ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಹೃದಯಾಘಾತವೂ ಹೀಗೇ ಕಾಣಿಸಬಹುದಾದ್ದರಿಂದ ಅಲ್ಲಿ ಇ.ಸಿ.ಜಿ. ಕೂಡ ಮಾಡುತ್ತಾರೆ. ರಕ್ತಸಂಚಾರ ನಿಂತರೆ ಜಠರದ ಗೋಡೆ ಕೊಳೆಯುತ್ತದೆ.

ಹಾಗೆಂದು ಎಲ್ಲರಿಗೂ ಕತ್ತರಿ ಹಾಕಬೇಕಿಲ್ಲ. ತೊಂದರೆಯೇ ಇಲ್ಲದವರಲ್ಲಿ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಎಂದು 2002ರ ಅಮೆರಿಕದ ಲೆಕ್ಕಾಚಾರವೊಂದು ಹೇಳಿತು. ಅಂಥವರು ಕಾದು ನೋಡಬಹುದು. ಆದರೆ ಉಣ್ಣಲಾಗದೆ ಸೊರಗುತ್ತಿರುವ ಅಜ್ಜಿಗೆ “ಈ ವಯಸ್ಸಲ್ಲಿ ಆಪರೇಷನ್ ಯಾಕೆ” ಎನ್ನುವುದು ಅನ್ಯಾಯ. ನೋಡಬೇಕಾದ್ದು ವಯಸ್ಸಿಗಿಂತ ಹೆಚ್ಚಾಗಿ ಹೃದಯ, ಶ್ವಾಸಕೋಶ, ನಡೆದಾಡುವ ಶಕ್ತಿ. ದೇಹ ತಾಳುವಂತಿದ್ದರೆ ಲ್ಯಾಪರೋಸ್ಕೋಪಿಯಲ್ಲಿ ಜಠರವನ್ನು ಕೆಳಗಿಳಿಸಿ ಕಿಂಡಿಯನ್ನು ಹೊಲಿಯುತ್ತಾರೆ. ತೀರಾ ನಿತ್ರಾಣರಾದವರಿಗೆ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸುವ ಚಿಕ್ಕ ದಾರಿಯೂ ಉಂಟು. ವರ್ಷಗಳ ನಂತರ ಸ್ಕ್ಯಾನಿನಲ್ಲಿ ಹರ್ನಿಯಾ ಸ್ವಲ್ಪ ಮರುಕಳಿಸಿದಂತೆ ಕಂಡರೂ ಅನೇಕರಿಗೆ ಅದರಿಂದ ತೊಂದರೆಯಾಗುವುದಿಲ್ಲ. ಮತ್ತೆ ಆಪರೇಷನ್ ಬೇಕಾಗುವವರು ಕೆಲವರು ಮಾತ್ರ.