ಸದ್ದಿಲ್ಲದೆ ಆಳುವ ರಾಣಿ

ಬೆಂಗಳೂರಿನ ಹಳಬರ ಬಾಯಲ್ಲಿ ಇಂದಿಗೂ ಅದು ‘ಟಾಟಾ ಇನ್‌ಸ್ಟಿಟ್ಯೂಟ್’. ಭಾರತೀಯ ವಿಜ್ಞಾನ ಸಂಸ್ಥೆ ಎಂದೊಡನೆ ವಿಮಾನ, ಲೋಹ, ಕಂಪ್ಯೂಟರ್ ನೆನಪಾಗುತ್ತವೆ, ಕಡಜ ನೆನಪಾಗುವುದಿಲ್ಲ. ಆದರೆ 1983ರಲ್ಲಿ ಪರಿಸರತಜ್ಞ ಮಾಧವ ಗಾಡ್ಗೀಳ್ ಅಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ ಕಡಜಗಳಿಗೆಂದೇ ಒಂದು ಮನೆ ಮಾಡಿತು. ಶತ್ರುವಾದ ದೊಡ್ಡ ಕಡಜ ತೂರಲಾರದ, ಇವು ಮಾತ್ರ ಸಲೀಸಾಗಿ ಹೋಗಿಬರುವ ಜಾಲರಿ ಅದಕ್ಕೆ.

ಈ ಕಡಜದ ಶಾಸ್ತ್ರೀಯ ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ಮರದ ನಾರು ಅಗಿದು ಕಿಟಕಿಯ ಮೂಲೆಯಲ್ಲಿ ಬೂದು ಕಾಗದದಂಥ ಗೂಡು ಕಟ್ಟುತ್ತದೆ. ನಾವು ಕಂಡೊಡನೆ ಬೆಂಕಿ ಹಿಡಿಯುವ ಆ ಗೂಡಿನ ಮುಂದೆ ಕೇಂದ್ರದ ವಿಜ್ಞಾನಿ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಕೂತರು. ಪ್ರತಿ ಕಡಜಕ್ಕೂ ಬಣ್ಣದ ಚುಕ್ಕೆ; ಯಾರು ಯಾರಿಗೆ ತಿನಿಸಿದರು, ಯಾರು ಯಾರನ್ನು ಕಚ್ಚಿದರು, ಎಲ್ಲಕ್ಕೂ ಲೆಕ್ಕ.

ಇಲ್ಲಿನ ರಾಣಿ ಜಗಳಗಂಟಿಯಲ್ಲ. ಯಾರನ್ನೂ ಗದರಿಸದೆ ಮೊಟ್ಟೆಯಿಡುವ ಹಕ್ಕನ್ನು ತಾನೊಬ್ಬಳೇ ಉಳಿಸಿಕೊಳ್ಳುತ್ತಾಳೆ. ಹೇಗೆ? ಉತ್ತರ ಸಿಕ್ಕಿದ್ದು ರಸಾಯನಶಾಸ್ತ್ರದಲ್ಲಿ. ಹೊಟ್ಟೆಯ ತುದಿಯಲ್ಲಿರುವ ಡ್ಯುಫೋರ್ ಗ್ರಂಥಿಯ ಸ್ರಾವವನ್ನು ಆಕೆ ಗೂಡಿಗೆ ಸವರುತ್ತ ಓಡಾಡುತ್ತಾಳೆ. ‘ನಾನಿದ್ದೇನೆ’ ಎಂಬ ಸುದ್ದಿ ಅದರಲ್ಲೇ ಇದೆ. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿಗೇ ಒಬ್ಬ ಕೆಲಸಗಾತಿ ಉಗ್ರಳಾಗಿ ಎಲ್ಲರ ಮೇಲೂ ಎರಗುತ್ತಾಳೆ. ಅವಳೇ ಮುಂದಿನ ರಾಣಿ. ಅಂಡಾಶಯ ಬಲಿತ ಮೇಲೆ ಅವಳೂ ಸಾಧುವಾಗುತ್ತಾಳೆ.

ನನಗೆ ಅತ್ಯಂತ ಇಷ್ಟವಾದ ಪ್ರಯೋಗಕ್ಕೆ ಬೇಕಾದದ್ದು ಬರೀ ತಂತಿಯ ಜಾಲರಿ. ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಹಾಕಿದರು. ರಾಣಿಯಿಲ್ಲದ ಹೋಳಿನಲ್ಲಿ ಒಬ್ಬಳು ತಲೆಯೆತ್ತಿದಳು. ಆಮೇಲೆ ರಾಣಿಯನ್ನು ಈ ಹೋಳಿಗೆ ತಂದು, ತಲೆಯೆತ್ತಿದವಳನ್ನು ಆಚೆಯ ಹೋಳಿಗೆ ಬಿಟ್ಟರು. ಕೆಲವು ಗೂಡುಗಳಲ್ಲಿ ಆಚೆ ಹೋದ ಮೊದಲಿನವಳೇ ಉತ್ತರಾಧಿಕಾರಿಯಾಗಿ ಉಳಿದಳು. ಉಳಿದವುಗಳಲ್ಲಿ ಅವಳು ತೆಪ್ಪಗಾಗಿ, ಆ ಹೋಳಿನ ಇನ್ನೊಬ್ಬಳು ಎದ್ದಳು. ಅವಳನ್ನು ಯಾರೂ ಎದುರಿಸಲಿಲ್ಲ. ಸರದಿ ಯಾರದೆಂಬುದು ಕಡಜಗಳಿಗೆ ಮೊದಲೇ ಗೊತ್ತಿತ್ತು. ವರ್ಷಗಟ್ಟಲೆ ಚುಕ್ಕೆ ಲೆಕ್ಕ ಹಾಕಿದವರು ಮಾತ್ರ, ರಾಣಿ ಇರುವಾಗ ಆ ಉತ್ತರಾಧಿಕಾರಿಯನ್ನು ಗುಂಪಿನಲ್ಲಿ ಗುರುತಿಸಲಾರದೆ ಹೋದರು.