ಕ್ಯಾಶ್ ಕೌಂಟರ್‌ನಿಂದ ಕತೆಯೊಳಗೆ: ನಮ್ಮ ಕೆಲಸವನ್ನ ಪಾತ್ರಕ್ಕೆ ಕೊಡೋದು ಹೇಗೆ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ಕೋತೀನಿ. ನಿಮ್ಮಲ್ಲಿ ತುಂಬ ಜನ ಕೇಳೋದು ಒಂದೇ: "ಮೇಡಂ, ನನ್ನ ಕೆಲಸ ಬರೀ ಬೋರು. ಅದ್ರಲ್ಲಿ ಕತೆ ಎಲ್ಲಿದೆ?"

ನಾನು ಬ್ಯಾಂಕಲ್ಲಿ ಕ್ಯಾಷಿಯರ್ ಆಗಿದ್ದೆ. ಮೊದಲ ಸಲ ಕ್ಯಾಷಿಯರ್ ಪಾತ್ರ ಬರೆದಾಗ ಗೊತ್ತಿದ್ದದ್ದನ್ನೆಲ್ಲ ತುರುಕಿದೆ. ವೋಚರ್, ಸೀಲು, ನೂರು ನೋಟಿನ ಕಟ್ಟು, ಯಾವುದನ್ನೂ ಬಿಡಲಿಲ್ಲ. ಓದಿದ ತಂಗಿ, "ಅಕ್ಕಾ, ಇದು ಕತೆನಾ, ಟ್ರೈನಿಂಗ್ ಮೆಟೀರಿಯಲ್ಲಾ?" ಅಂದ್ಲು.

ಯಶವಂತ ಚಿತ್ತಾಲರನ್ನ ನೋಡಿ. ಮುಂಬೈಯಲ್ಲಿ ಪಾಲಿಮರ್ ಕ್ಷೇತ್ರದಲ್ಲಿ ಕೆಲಸ ಮಾಡಿದವರು. 1979ರ 'ಶಿಕಾರಿ' ಕಾದಂಬರಿಯ ನಾಗಪ್ಪನೂ ಕೆಮಿಕಲ್ ಕಂಪನಿಯ ಅಧಿಕಾರಿಯೇ. ಆದ್ರೆ ಓದಿದವರ ತಲೇಲಿ ಉಳಿಯೋದು ಕೆಮಿಸ್ಟ್ರಿ ಅಲ್ಲ. ತನ್ನ ಮೇಲಿರೋ ಆರೋಪ ಏನು ಅಂತ್ಲೇ ಗೊತ್ತಿಲ್ಲದ ಅವನ ದಿಗಿಲು.

ಹಾಗಾದ್ರೆ ನನ್ನ ದಿಗಿಲು ಯಾವುದು? 2016ರ ನವೆಂಬರ್. ಹಳೇ ನೋಟು ರದ್ದಾಗಿ, ಕ್ಯೂ ರಸ್ತೆಗೆ ಬಂದಿತ್ತು. ಒಂದು ಸಂಜೆ ಲೆಕ್ಕ ಹಾಕಿದ್ರೆ 8,000 ರೂಪಾಯಿ ಕಡಿಮೆ. 2,000ದ ನಾಲ್ಕು ನೋಟು. ಹೊಸ ನೋಟು, ಒಂದಕ್ಕೊಂದು ಅಂಟ್ಕೊಂಡು ಹೋಗಿರಬೇಕು. ಕಡಿಮೆ ಬಿದ್ದದ್ದನ್ನ ಕ್ಯಾಷಿಯರೇ ತುಂಬಬೇಕು. ಪಕ್ಕದ ಕೌಂಟರಿನ ಹಿರಿಯರೊಬ್ಬರು ಸಾಲ ಕೊಟ್ರು. ಮನೇಲಿ ಹೇಳ್ಲಿಲ್ಲ. ರಾತ್ರಿಯಿಡೀ ಒಂದೊಂದೇ ಮುಖ ನೆನಪು ಮಾಡ್ಕೊಂಡೆ. ಕೋಲು ಹಿಡಿದ ಆ ಅಜ್ಜಿನಾ? ಮದುವೆ ಮನೆಯವರಾ? ಮಾರನೇ ದಿನ ಕ್ಯೂನಲ್ಲಿದ್ದವರೆಲ್ಲ ಕಳ್ಳರ ಥರ ಕಂಡ್ರು. ಹೇಳ್ಕೊಳ್ಳೋಕೂ ನಾಚಿಕೆ. ಕತೆ ಇದ್ದದ್ದು ಅಲ್ಲಿ.

ಈಗಿನ ಕತೇಲಿ ಬ್ಯಾಂಕಿನ ಸೀನೇ ಇಲ್ಲ. ರಿಟೈರ್ ಆದ ಕ್ಯಾಷಿಯರಮ್ಮ, ತರಕಾರಿಗೆ ಅಂತ ಮಗಳು ಕೊಟ್ಟ ದುಡ್ಡನ್ನ ಅವಳೆದುರೇ ಎರಡು ಸಲ ಎಣಿಸ್ತಾಳೆ. ಮಗಳ ಮುಖ ಸಣ್ಣದಾಗುತ್ತೆ. ಅಮ್ಮನಿಗೆ ಅದು ಕಾಣೋದೇ ಇಲ್ಲ, ಕಣ್ಣು ನೋಟಿನ ಮೇಲಿರುತ್ತೆ. ನಿಮ್ಮ ಕೆಲಸದಲ್ಲೂ ಇಂಥದ್ದು ಹುಡುಕಿ: ಮನೆಗೆ ಬಂದ ಮೇಲೂ ಕೈ ಬಿಡದ ಚಾಳಿ ಯಾವುದು?

ಇನ್ನೊಂದು ಮಾತು, ಇದು ಸ್ವಲ್ಪ ಕಷ್ಟದ್ದು. ಸಾಲ ಕೊಟ್ಟ ಹಿರಿಯರು ಅವತ್ತು ತಮ್ಮದೇ ಹಳೇ ತಪ್ಪೊಂದನ್ನ ಹೇಳಿದ್ರು. ಎಂಥ ಕತೆ ಗೊತ್ತಾ ಅದು! ಬರೆದೂ ಇಟ್ಟಿದ್ದೆ. ಹೆಸರು, ಊರು ಬದಲಾಯಿಸಿದ್ರೂ ಹಳೇ ಸಹೋದ್ಯೋಗಿ ಎರಡನೇ ಪ್ಯಾರಾದಲ್ಲೇ ಅವರನ್ನ ಗುರುತು ಹಿಡಿದ್ಲು. ಪೂರ್ತಿ ಅಳಿಸಿದೆ. ನನ್ನ ಭಯ ಮಾರೋ ಹಕ್ಕು ನನಗಿದೆ, ಅವರದ್ದಲ್ಲ.

ಕತೆ ಓದಿ ಅವರೇ ಫೋನ್ ಮಾಡಿದ್ರು. "ಏನಮ್ಮಾ, ನಾನು ಎಲ್ಲೂ ಬರಲೇ ಇಲ್ವಲ್ಲ?" ಅಂತ ಸ್ವಲ್ಪ ಬೇಜಾರಲ್ಲೇ ಕೇಳಿದ್ರು.