ಮಗುಚಿದ ದೋಣಿ, ಮೊದಲ ದಿನ

2021ರ ಮೇ ತಿಂಗಳು, ತೌಕ್ತೆ ಚಂಡಮಾರುತ. ನಮ್ಮ ಕರಾವಳಿಯ ದಡಕ್ಕೆ ಕಡಲೇ ನುಗ್ಗಿ ಬಂದಿತ್ತು. ಅಂಥ ಗಾಳಿಗೆ ಅಳಿವೆಯಲ್ಲಿ ಕಟ್ಟಿಟ್ಟ ನಿಮ್ಮ ಪುಟ್ಟ ಫೈಬರ್ ದೋಣಿ ಮಗುಚಿ ಬಿದ್ದರೆ?

ವಿಮೆ ಇದ್ದರೆ, ಬಿದ್ದ ಹಾಗೇ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಆಮೇಲೆ ಬ್ಯಾಟರಿ ವೈರು ಕಳಚಿ, ದೋಣಿ ಮೇಲೆಳೆಯಿರಿ.

ಈಗ ಎಂಜಿನ್. ಉಪ್ಪುನೀರು ಕುಡಿದ ಎಂಜಿನ್ ಗಾಳಿಗೆ ಬಂದ ಕೂಡಲೇ ತುಕ್ಕು ಶುರು. ಸ್ಟಾರ್ಟ್ ಮಾಡಿ ನೋಡೋಣ ಅನ್ನಬೇಡಿ, ದಯವಿಟ್ಟು! ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಹೋದೀತು. ಸಿಹಿನೀರಲ್ಲಿ ತೊಳೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸ್ಟಾರ್ಟರ್ ಹಗ್ಗ ನಿಧಾನಕ್ಕೆ ಎಳೆದು ನೀರು ಹೊರಹಾಕಿ, ಪ್ಲಗ್ಗಿನ ತೂತಿಗೆ ಎಣ್ಣೆ ಬಿಡಿ. ಅದೇ ದಿನ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗಿ.

ಇನ್ನು ದೋಣಿಯ ಮೈ. ಒಂದು ನಾಣ್ಯ ಹಿಡಿದು ಬಿರುಕಿನ ಸುತ್ತ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಟಣ್ ಅಂದರೆ ಗಟ್ಟಿ. ಎಲ್ಲಿ ‘ಡಬ್’ ಅಂತ ಮಂಕು ಸದ್ದು ಬರುತ್ತದೋ, ಅಲ್ಲಿ ಒಳಗಿನ ಪದರ ಬಿಟ್ಟಿರಬಹುದು. ಪೆನ್ಸಿಲ್ಲಿನಿಂದ ಗುರುತು ಹಾಕಿ. ಕಣ್ಣಿಗೆ ಗೇಣುದ್ದ ಕಂಡ ಬಿರುಕು ಒಳಗೆ ಮೊಳದುದ್ದ ಇರುವುದುಂಟು.

ಪೂರ್ತಿ ಒಣಗುವ ಮುಂಚೆ ಬಿರುಕಿಗೆ ಫೈಬರ್ ಮ್ಯಾಟ್, ರೆಸಿನ್ ಹಚ್ಚಿಸಬೇಡಿ. ತೇವದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಒಣಗಲು ವಾರಗಳೇ ಹಿಡಿದಾವು. ಮಾಡಿನಡಿ ಬೋರಲು ಹಾಕಿ, ಗಾಳಿಯಾಡಲು ಬಿಟ್ಟು ಕಾಯಿರಿ.